ಮರದ ಹುಡಿ ಮತ್ತು ಅದರ ಹಾದಿ

ಹಿತ್ತಲಿನ ಕೊಠಡಿಯಲ್ಲಿ ಬಡಗಿತನವನ್ನು ಹವ್ಯಾಸವಾಗಿ ನಡೆಸುವವರು ಗರಗಸದ ಯಂತ್ರಕ್ಕೆ, ಉಜ್ಜುವ ಯಂತ್ರಕ್ಕೆ, ಧೂಳು ಹೀರುವ ಯಂತ್ರಕ್ಕೆ ಧಾರಾಳವಾಗಿ ಹಣ ಕೊಡುತ್ತಾರೆ. ಇವನ್ನು ಒಂದಕ್ಕೊಂದು ಜೋಡಿಸುವ ಕೊಳವೆಯ ಮಾತು ಬಂದಾಗ ಮಾತ್ರ ಕೈ ಬಿಗಿಯಾಗುತ್ತದೆ. ನಾನೂ ಹಾಗೆಯೇ ಮಾಡಿದೆ. ತಂತಿಸುರುಳಿಯ ಮೆದು ಕೊಳವೆಯನ್ನು ಇಪ್ಪತ್ತು ಅಡಿ ತಂದು, ಗೋಡೆಯ ಮೂಲೆಮೂಲೆಗೂ ಹಾವಿನಂತೆ ಬಳಸಿ ಕಟ್ಟಿದೆ. ನೆಲ ಚೊಕ್ಕಟವಾಯಿತು. ಆದರೆ ಸಂಜೆಯ ಬಿಸಿಲು ಕಿಟಕಿಯಿಂದ ಇಳಿದಾಗ ಆ ಬೆಳಕಿನ ಕೋಲಿನಲ್ಲಿ ಹುಡಿ ತುಂಬಿಕೊಂಡಿತ್ತು.

ನಮ್ಮ ಭಾಷೆ ಇಲ್ಲೊಂದು ವಿವೇಕವನ್ನು ಉಳಿಸಿಕೊಂಡಿದೆ. ಗರಗಸದಿಂದ ಉದುರುವುದು ಹೊಟ್ಟು. ಉಜ್ಜುಕಾಗದದಿಂದ ಏಳುವುದು ಹುಡಿ, ಹಳಗನ್ನಡದ ‘ಪುಡಿ’. ಹೊಟ್ಟು ಪೊರಕೆಗೆ ಸಿಗುತ್ತದೆ. ಹುಡಿಯಲ್ಲಿ ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತ ಕಿರಿದಾದ ಕಣಗಳು ಗಂಟೆಗಟ್ಟಲೆ ತೇಲುತ್ತಿದ್ದು ಉಸಿರಿನೊಡನೆ ಒಳಗಿಳಿಯುತ್ತವೆ. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿ ಪ್ರಕಟಿಸಿದ ತನ್ನ ವರದಿಯಲ್ಲಿ ಮರದ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿಗೇ ಸೇರಿಸಿತು. ನಮ್ಮ ಬೀಟೆ, ತೇಗಗಳ ಧೂಳು ಕೆಲವರ ಚರ್ಮಕ್ಕೂ ಆಗದು.

ಈ ಹುಡಿಯನ್ನು ಹಿಡಿಯಬೇಕಾದರೆ ಅದು ಏಳುವ ಎಡೆಯಲ್ಲೇ ಬಹಳಷ್ಟು ಗಾಳಿಯನ್ನು ಸೆಳೆಯಬೇಕು. ಕೊಳವೆ ಇಕ್ಕಟ್ಟಾದರೆ ಯಂತ್ರದ ಬಲವೆಲ್ಲ ಕೊಳವೆಯೊಳಗಿನ ತಿಕ್ಕಾಟಕ್ಕೇ ವ್ಯಯವಾಗುತ್ತದೆ. 6 ಇಂಚಿನ ಕೊಳವೆಯಲ್ಲಿ ಹರಿಯುವಷ್ಟೇ ಗಾಳಿಯನ್ನು 4 ಇಂಚಿನದರಲ್ಲಿ ಎಳೆಯಲು ಏಳು ಪಟ್ಟಿಗೂ ಹೆಚ್ಚು ಒತ್ತಡ ಬೇಕು! ಹಾಗೆಂದು ಮನಬಂದಷ್ಟು ಅಗಲವೂ ಸಲ್ಲದು. ಹೊಟ್ಟು ದಾರಿಯಲ್ಲಿ ಮಲಗದೆ ಸಾಗಲು ಗಾಳಿ ಸೆಕೆಂಡಿಗೆ ಸುಮಾರು 20 ಮೀಟರ್ ವೇಗದಲ್ಲಿ ಓಡಬೇಕು. ಆ ವೇಗಕ್ಕೆ 4 ಇಂಚಿನ ಕೊಳವೆಗೆ ನಿಮಿಷಕ್ಕೆ ಸುಮಾರು 340 ಘನ ಅಡಿ ಗಾಳಿ ಸಾಕು. 6 ಇಂಚಿನದಕ್ಕೆ 770 ಬೇಕು. ಯಂತ್ರದ ಮೇಲೆ ಬರೆದಿರುವ ಅಂಕಿಯಾದರೋ ಬಹುಮಟ್ಟಿಗೆ ಕೊಳವೆಯನ್ನೇ ಜೋಡಿಸದೆ ಅಳೆದದ್ದು. ಆದ್ದರಿಂದ 1 ಅಶ್ವಶಕ್ತಿಯ ಯಂತ್ರಕ್ಕೆ 4 ಇಂಚು, 3 ಅಶ್ವಶಕ್ತಿಯ ಆಸುಪಾಸಿನದಕ್ಕೆ 6 ಇಂಚು ಎಂದಿಟ್ಟುಕೊಳ್ಳಬಹುದು.

ಇನ್ನು ಒಳಮೈ. ಸುರುಳಿಯ ಮೆದು ಕೊಳವೆ ನುಣುಪಾದ ಕೊಳವೆಗಿಂತ ಎರಡು ಮೂರು ಪಟ್ಟು ತಡೆಯೊಡ್ಡುತ್ತದೆ. ನನ್ನ ಇಪ್ಪತ್ತು ಅಡಿ ವಾಸ್ತವದಲ್ಲಿ ಐವತ್ತು ಅಡಿಯಾಗಿತ್ತು. ಥಟ್ಟನೆ ತಿರುಗುವ ಮೊಣಕೈ ಬಾಗೂ ಹಾಗೆಯೇ. ಅದರ ಬದಲು 45 ಡಿಗ್ರಿಯ ಎರಡು ಬಾಗುಗಳನ್ನು ಕೂಡಿಸುವುದು ಲೇಸು. ಕವಲೊಡೆಯುವಲ್ಲಿ ಟೀ ಬೇಡ, ವೈ ಇರಲಿ.

ತಗಡಿನ ಕೊಳವೆ ಉತ್ತಮ, ಆದರೆ ದುಬಾರಿ. ಪಿ.ವಿ.ಸಿ. ಪೈಪು ಎಲ್ಲ ಅಂಗಡಿಗಳಲ್ಲೂ ಸಿಗುತ್ತದೆ. ಧೂಳು ಉಜ್ಜಿ ಹರಿಯುವಾಗ ಅದರ ಮೈಯಲ್ಲಿ ಸ್ಥಿರವಿದ್ಯುತ್ತು ಕೂಡಿ ಕೈಗೆ ಚುರುಕೆನ್ನಿಸುವುದುಂಟು. ತಗಡಿಗಾದರೆ ಒಂದು ಆರ್ಥ್ ತಂತಿ ಸಾಕು. ಪಿ.ವಿ.ಸಿ. ವಿದ್ಯುತ್ತನ್ನು ಹರಿಯಗೊಡದ ವಸ್ತುವಾದ್ದರಿಂದ, ಮೇಲೆ ಸುತ್ತಿದ ತಂತಿ ಚುರುಕನ್ನು ಕಡಿಮೆ ಮಾಡೀತೇ ಹೊರತು ಪೈಪನ್ನು ಲೋಹವಾಗಿಸದು. ಮನೆಯ ಮಟ್ಟಿಗೆ ನಾನು ಹೆಚ್ಚು ಅಂಜುವುದು ಹಳೆಯ ಹಲಗೆಯಲ್ಲಿ ಉಳಿದ ಮೊಳೆಗೆ. ಗರಗಸ ಅದನ್ನು ಕಡಿದಾಗ ಹಾರಿದ ಕಿಡಿ ಚೀಲದ ಹೊಟ್ಟಿನಲ್ಲಿ ಗುಟ್ಟಾಗಿ ಹೊಗೆಯಾಡುತ್ತಿರಬಹುದು. ಕೆಲಸ ಮುಗಿದ ಮೇಲೆ ಚೀಲವನ್ನು ಹೊರಗೆ ಬರಿದುಮಾಡಬೇಕು.

ಕಡೆಗೆ ನಾನು ತಂದದ್ದು 110 ಮಿಲಿಮೀಟರಿನ ಪಿ.ವಿ.ಸಿ. ಪೈಪು. ಹೀರುವ ಯಂತ್ರವನ್ನು ಗರಗಸದ ಹತ್ತಿರಕ್ಕೆ ಸರಿಸಿದ್ದರಿಂದ ಹತ್ತು ಅಡಿ ಸಾಕಾಯಿತು. ಮೆದು ಕೊಳವೆಯಲ್ಲಿ ಎರಡು ಅಡಿ ಮಾತ್ರ ಉಳಿಸಿಕೊಂಡೆ, ಉಜ್ಜುವ ಯಂತ್ರವನ್ನು ಅತ್ತಿತ್ತ ಆಡಿಸಲು. ಸಂಜೆಯ ಬಿಸಿಲಿನಲ್ಲಿ ಹುಡಿ ಈಗಲೂ ಕಾಣುತ್ತದೆ, ಮೊದಲಿಗಿಂತ ತೀರ ಕಡಿಮೆ. ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳುವುದನ್ನಂತೂ ಬಿಟ್ಟಿಲ್ಲ.