ಚಿಂಚೋಳಿಯ ಕರಿಕಲ್ಲು ಹರಿದು ಬಂದದ್ದು ಎಲ್ಲಿಂದ?

ಶಹಾಬಾದ, ವಾಡಿ, ಸೇಡಂ ಸುತ್ತಿನ ಖಣಿಗಳಲ್ಲಿ ಸಿಗುವ ಫರಸಿ ಕಲ್ಲು ಪ್ರಾಚೀನ ಸಮುದ್ರದ ತಳದಲ್ಲಿ ಪದರಗಟ್ಟಿದ ಸುಣ್ಣದಕಲ್ಲು. ಚಿಂಚೋಳಿಯ ಕಡೆ ಸಾಗಿದರೆ ಅದರ ಮೇಲೆ ಕರಿಕಲ್ಲಿನ, ಅಂದರೆ ಬಸಾಲ್ಟಿನ ಹೊದಿಕೆ ಎದುರಾಗುತ್ತದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದ ಲಾವಾ ಆರಿ ಗಟ್ಟಿಯಾದದ್ದು ಇದು. ಕರಿಕಲ್ಲೂ ಹಾಸು ಹಾಸಾಗಿಯೇ ಇದೆಯಲ್ಲ, ಇದನ್ನೂ ನೀರೇ ತಂದು ಹಾಕಿರಬಾರದೇಕೆ ಎಂದು ಯಾರಾದರೂ ಕೇಳಬಹುದು. ಉತ್ತರ ಕಲ್ಲಿನೊಳಗೇ ಇದೆ. ಹೊಸದಾಗಿ ಒಡೆದ ಮುಖವನ್ನು ಭೂತಗನ್ನಡಿಯಲ್ಲಿ ನೋಡಿದರೆ ಫೆಲ್ಡ್‌ಸ್ಪಾರ್, ಪೈರಾಕ್ಸೀನ್ ಖನಿಜಗಳ ಸಣ್ಣ ಹರಳುಗಳು ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಕರಗಿದ ದ್ರವ ಆರುವಾಗಲೇ ಹರಳುಗಳು ಹೀಗೆ ಹೆಣೆದುಕೊಳ್ಳುವುದು. ಅವು ಸಣ್ಣವಾಗಿರುವುದು ಬೇಗ ಆರಿದ್ದರ ಗುರುತು. ಹಾಸಿನ ಮೇಲ್ಭಾಗದಲ್ಲಿ ಅನಿಲದ ಗುಳ್ಳೆಗಳು ಬಿಟ್ಟ ತೂತುಗಳಿರುತ್ತವೆ. ದಖ್ಖನ್ನಿನ ಎಷ್ಟೋ ಕಡೆ ಎರಡು ಹಾಸುಗಳ ನಡುವೆ ಕೆಂಪು ಮಣ್ಣಿನ ತೆಳು ಪದರ ಸಿಗುತ್ತದೆ. ಒಂದು ಲಾವಾ ಆರಿ, ಶಿಥಿಲವಾಗಿ, ಮಣ್ಣಾದ ಮೇಲೆ ಮತ್ತೊಂದು ಬಂದಿದೆ ಎಂದೇ ಇದರರ್ಥ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ: ಈ ಸೀಮೆಯಲ್ಲಿ ಜ್ವಾಲಾಮುಖಿ ಬೆಟ್ಟವೇ ಇಲ್ಲವಲ್ಲ? ಬೆಟ್ಟ ಬೇಕಾಗಿಯೇ ಇಲ್ಲ. ಐಸ್‌ಲ್ಯಾಂಡಿನ ಲಾಕಿಯಲ್ಲಿ 1783ರಲ್ಲಿ ಸುಮಾರು 27 ಕಿ.ಮೀ. ಉದ್ದದ ಬಿರುಕಿನಿಂದಲೇ ಲಾವಾ ಉಕ್ಕಿತು. ದಖ್ಖನ್ನಿನಲ್ಲೂ ಹಾಗೇ ಆಯಿತು. ಲಾವಾ ಏರಿ ಬಂದ ಬಿರುಕುಗಳು ಕಲ್ಲಿನ ಗೋಡೆಗಳಂತೆ ಗಟ್ಟಿಯಾಗಿ ಪಶ್ಚಿಮ ಘಟ್ಟದಲ್ಲೂ ನರ್ಮದಾ ಕಣಿವೆಯಲ್ಲೂ ಇಂದಿಗೂ ಕಾಣುತ್ತವೆ. ಬಸಾಲ್ಟ್ ಲಾವಾದಲ್ಲಿ ಸಿಲಿಕಾ ಸುಮಾರು ಅರ್ಧದಷ್ಟೇ, ಬಿಸಿ 1,100 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಹಾಗಾಗಿ ಅದು ತೆಳುವಾಗಿ ಹರಿಯುತ್ತದೆ. ಮೇಲೆ ಕಟ್ಟಿದ ಹೆಪ್ಪು ಒಳಗಿನ ಕಾವನ್ನು ಕಾಯುವುದರಿಂದ ಬಲು ದೂರ ಸಾಗುತ್ತದೆ. ಇಂದು ಉಳಿದಿರುವ ಹೊದಿಕೆಯೇ ಸುಮಾರು 5 ಲಕ್ಷ ಚದರ ಕಿ.ಮೀ.

ಭೂಮಿಯ ಒಡಲೆಲ್ಲ ಕರಗಿದ ದ್ರವ, ಅದೇ ಸೋರಿ ಬಂತು ಎಂಬ ನಂಬಿಕೆಯನ್ನು ಮಾತ್ರ ಬಿಡಬೇಕು. ಹೊರಪದರದ ಕೆಳಗಿನ ಮ್ಯಾಂಟಲ್ ಬಹುಪಾಲು ಘನಶಿಲೆ. ಬಿಸಿಯಾದ ಆ ಶಿಲೆ ನಿಧಾನವಾಗಿ ಮೇಲೇರುವಾಗ ಅದರ ಮೇಲಿನ ಒತ್ತಡ ಇಳಿಯುತ್ತದೆ, ಕರಗುವ ಉಷ್ಣತೆಯೂ ತಗ್ಗುತ್ತದೆ. ಹೊಸ ಬೆಂಕಿ ಬೀಳದೆಯೇ ಒಂದು ಪಾಲು ಕರಗುತ್ತದೆ. ಆ ಪಾಲೇ ಬಸಾಲ್ಟಿನ ಮೂಲ. ಮೇಲೇರಿದ ಆ ಬಿಸಿಯನ್ನು ಇಂದಿನ ರಿಯೂನಿಯನ್ ದ್ವೀಪದ ಕೆಳಗಿನ ಬಿಸಿಚುಕ್ಕೆಗೆ ಅನೇಕ ವಿಜ್ಞಾನಿಗಳು ಜೋಡಿಸುತ್ತಾರೆ, ಕೆಲವರು ಒಪ್ಪುವುದಿಲ್ಲ.

ಕಲಬುರಗಿ ಸೀಮೆಯ ವಿಜ್ಞಾನ ಮಾಸ್ತರರು ಫರಸಿಯ ಚೂರೊಂದು, ಕರಿಕಲ್ಲಿನ ಚೂರೊಂದು ತರಗತಿಗೆ ತಂದು, ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲವನ್ನು ಒಂದೊಂದು ಹನಿ ಬಿಟ್ಟು ತೋರಿಸಲಿ. ನೊರೆ ಏಳುವುದು ಫರಸಿಯ ಮೇಲೆ.