ಅಡಿಕೆಗೆ ಹೋದ ಅಮೆರಿಕ

1773ರ ಡಿಸೆಂಬರ್ 16ರ ರಾತ್ರಿ ಬಾಸ್ಟನ್ ಬಂದರಿನಲ್ಲಿ ಬ್ರಿಟಿಷರ ಮೇಲೆ ಸಿಟ್ಟಾದ ಅಮೆರಿಕನ್ ವಸಾಹತಿನ ಜನ ಮೂರು ಹಡಗುಗಳಿಂದ 342 ಪೆಟ್ಟಿಗೆ ಚಹಾವನ್ನು ನೀರುಪಾಲು ಮಾಡಿದರು. ತೂಕ ಸುಮಾರು 92,000 ರಾತಲು, ಅಂದರೆ ಹತ್ತಿರಹತ್ತಿರ 42 ಟನ್. ಮಾಲು ಈಸ್ಟ್ ಇಂಡಿಯಾ ಕಂಪನಿಯದು. ಕಂಪನಿ ಕೊಟ್ಟ ಲೆಕ್ಕದಲ್ಲಿ ನಷ್ಟ 9,659 ಪೌಂಡ್. ಇಷ್ಟನ್ನು ಇತಿಹಾಸದ ಪುಸ್ತಕಗಳು ಹೇಳುತ್ತವೆ. ಇನ್ನೊಂದು ಸಣ್ಣ ಲೆಕ್ಕವನ್ನು ನಾವೇ ಮಾಡಿ ನೋಡಬಹುದು. ಚಹಾದ ಮೇಲಿನ ತೆರಿಗೆ ರಾತಲಿಗೆ ಮೂರು ಪೆನ್ಸ್. ಆಗ 240 ಪೆನ್ಸ್ ಸೇರಿದರೆ ಒಂದು ಪೌಂಡ್. ಅಂದು ಸಮುದ್ರಕ್ಕೆ ಬಿದ್ದ ಅಷ್ಟೂ ಚಹಾದಿಂದ ಬ್ರಿಟಿಷ್ ಖಜಾನೆಗೆ ಬರಬೇಕಿದ್ದ ತೆರಿಗೆ ಬರೀ 1,150 ಪೌಂಡ್!

ಹತ್ತು ವರ್ಷಗಳ ಬಳಿಕ ಅಮೆರಿಕದ ಸ್ವಾತಂತ್ರ್ಯ ಯುದ್ಧ ಮುಗಿದಾಗ ಬ್ರಿಟನ್ನಿನ ರಾಷ್ಟ್ರೀಯ ಸಾಲಕ್ಕೆ ಸುಮಾರು 10 ಕೋಟಿ ಪೌಂಡ್ ಹೊಸದಾಗಿ ಸೇರಿತ್ತು. ಅಷ್ಟೇ ಚಹಾ ವರ್ಷಕ್ಕೊಮ್ಮೆ ಬಾಸ್ಟನ್ನಿಗೆ ಬಂದು, ಜನ ಚಕಾರವೆತ್ತದೆ ತೆರಿಗೆ ಕಟ್ಟಿದ್ದರೂ ಆ ಸಾಲ ತೀರಲು ಸುಮಾರು 87 ಸಾವಿರ ವರ್ಷ ಬೇಕಿತ್ತು. ಅದೂ ಬಡ್ಡಿ ಬಿಟ್ಟು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತೇವಲ್ಲ, ಇಲ್ಲಿ ಹೋದದ್ದು ಮಾನವಷ್ಟೇ ಅಲ್ಲ.

ಬ್ರಿಟಿಷರಿಗೂ ಅವರದೇ ನ್ಯಾಯವಿತ್ತು. 1756ರಿಂದ 1763ರವರೆಗೆ ಫ್ರೆಂಚರೊಡನೆ ಕಾದಾಡಿ, ಏಳೂವರೆ ಕೋಟಿಯಷ್ಟಿದ್ದ ಸಾಲವನ್ನು 13 ಕೋಟಿ ಪೌಂಡಿನ ಆಸುಪಾಸಿಗೆ ಏರಿಸಿಕೊಂಡಿದ್ದರು. ನಿಮ್ಮ ಹಿತ್ತಲಿನಿಂದ ಫ್ರೆಂಚರನ್ನು ಓಡಿಸಿದ್ದೇವೆ, ಖರ್ಚಿನಲ್ಲಿ ನಿಮ್ಮದೂ ಸ್ವಲ್ಪ ಇರಲಿ ಎಂಬ ವಾದ. ವಸಾಹತಿನವರು ಕಟ್ಟುತ್ತಿದ್ದ ತೆರಿಗೆಯೂ ಇಂಗ್ಲೆಂಡಿನವರಿಗೆ ಹೋಲಿಸಿದರೆ ಏನೇನೂ ಅಲ್ಲ. ಇನ್ನೂ ವಿಚಿತ್ರವೆಂದರೆ 1773ರ ಚಹಾ ಕಾಯ್ದೆಯಿಂದ ಚಹಾದ ಬೆಲೆ ಇಳಿಯುವುದರಲ್ಲಿತ್ತು. ಜನ ಅಗ್ಗದ ಚಹಾವನ್ನೇ ನೀರಿಗೆ ಎಸೆದಿದ್ದರು.

ಸಿಟ್ಟಿನ ಮೂಲ ಬೇರೊಂದು ಸಂಖ್ಯೆಯಲ್ಲಿತ್ತು. ಲಂಡನ್ನಿನ ಕಾಮನ್ಸ್ ಸಭೆಯಲ್ಲಿ 558 ಸದಸ್ಯರು. ಸುಮಾರು 25 ಲಕ್ಷ ಜನರಿದ್ದ 13 ಅಮೆರಿಕನ್ ವಸಾಹತುಗಳಿಂದ ಅಲ್ಲಿಗೆ ಹೋದವರು ಸೊನ್ನೆ. ನನ್ನ ಮಟ್ಟಿಗೆ ಮೂರು ಪೆನ್ಸ್‌ಗಿಂತ ದೊಡ್ಡ ಕಾರಣ ಈ ಸೊನ್ನೆಯೇ.

ಚಹಾ ಚೀನಾದ್ದು, ಆದರೆ ಅದನ್ನು ಬಾಸ್ಟನ್ನಿಗೆ ತಳ್ಳಿದ ಒತ್ತಡದ ಒಂದು ತುದಿ ಬಂಗಾಳದಲ್ಲಿತ್ತು. 1770ರ ಕ್ಷಾಮದಲ್ಲಿ ಅಲ್ಲಿ ಸತ್ತವರು ಒಂದು ಕೋಟಿಯವರೆಗೆ ಎಂಬ ಅಂದಾಜಿದೆ. ಆ ನಾಡಿನ ಕಂದಾಯ ನಂಬಿಕೊಂಡಿದ್ದ ಕಂಪನಿ ಮುಗ್ಗರಿಸಿ, ಸರ್ಕಾರದಿಂದ 14 ಲಕ್ಷ ಪೌಂಡ್ ಸಾಲ ಎತ್ತಿತು. ಲಂಡನ್ನಿನ ಅದರ ಗೋದಾಮುಗಳಲ್ಲಿ ಮಾರಾಟವಾಗದ ಚಹಾ ಕೋಟಿಗೂ ಹೆಚ್ಚು ರಾತಲು ಕೊಳೆಯುತ್ತಿತ್ತು. ಅದನ್ನು ಅಮೆರಿಕಕ್ಕೆ ಸುರಿಯಲೆಂದೇ ಹೊಸ ಕಾಯ್ದೆ ಬಂತು. ಬಂಗಾಳದಲ್ಲಿ ಕಂಪನಿ ಮಾಡಿದ್ದನ್ನು ನೋಡಿ ಎಚ್ಚರಗೊಳ್ಳಿ ಎಂದು ಫಿಲಡೆಲ್ಫಿಯಾದ ವಕೀಲ ಜಾನ್ ಡಿಕಿನ್ಸನ್ 1773ರಲ್ಲೇ ಬರೆದ.

ಲಂಡನ್ನಿಗೂ ವಸಾಹತುಗಳಿಗೂ ನಡುವೆ ಐದು ಸಾವಿರ ಕಿಲೋಮೀಟರ್ ಅಟ್ಲಾಂಟಿಕ್. ಒಂದು ಮನವಿ ಹೋಗಿ ಉತ್ತರ ಬರಲು ಮೂರು ತಿಂಗಳಾದರೂ ಬೇಕು. 1775ರ ಏಪ್ರಿಲ್ 19ರಂದು ಲೆಕ್ಸಿಂಗ್ಟನ್ನಿನಲ್ಲಿ ಯುದ್ಧದ ಮೊದಲ ಗುಂಡು ಹಾರಿತು. ಲಂಡನ್ನಿಗೆ ಸುದ್ದಿ ಮುಟ್ಟಿದ್ದು ಮೇ ತಿಂಗಳ ಕೊನೆಗೆ. ಆ ಜುಲೈನಲ್ಲಿ ವಸಾಹತಿನವರು ದೊರೆಗೆ ಕೊನೆಯ ಸಂಧಾನಪತ್ರ ಕಳುಹಿಸಿದರು. ಮೂರನೆಯ ಜಾರ್ಜ್ ಅದನ್ನು ಸ್ವೀಕರಿಸಲೇ ಇಲ್ಲ. ಆಗಸ್ಟ್ 23ರಂದು ಅವರನ್ನು ದಂಗೆಕೋರರೆಂದು ಸಾರಿಬಿಟ್ಟ.

ಮರುವರ್ಷದ ಸ್ವಾತಂತ್ರ್ಯ ಘೋಷಣೆಯಲ್ಲಿ ದೊರೆಯ ಮೇಲಿನ ದೂರುಗಳು 27, ಸಹಿ ಹಾಕಿದವರು 56. ಆ 25 ಲಕ್ಷ ಜನರಲ್ಲಿ ಐದಕ್ಕೊಬ್ಬರು ಗುಲಾಮರು ಎಂಬುದನ್ನು ಮರೆಯಬಾರದು. ಘೋಷಣೆಯ ಕರಡು ಬರೆದ, ಸ್ವತಃ ಗುಲಾಮರನ್ನಿಟ್ಟುಕೊಂಡಿದ್ದ ಜೆಫರ್ಸನ್ ಅದರಲ್ಲಿ ಗುಲಾಮರ ವ್ಯಾಪಾರದ ದೋಷವನ್ನೂ ದೊರೆಯ ತಲೆಗೆ ಕಟ್ಟಿದ್ದ. ವಸಾಹತುಗಳ ಪ್ರತಿನಿಧಿ ಸಭೆಯಾದ ಕಾಂಗ್ರೆಸ್ ಆ ಭಾಗಕ್ಕೆ ಕತ್ತರಿ ಹಾಕಿತು.

ಅದೇ ಬೇಸಿಗೆಯಲ್ಲಿ ನ್ಯೂಯಾರ್ಕ್ ಮುಂದೆ ಬ್ರಿಟಿಷರ ಸುಮಾರು 400 ಹಡಗುಗಳಲ್ಲಿ 32 ಸಾವಿರ ಸೈನಿಕರು ಬಂದಿಳಿದರು. ಆ ಊರಿನ ಜನಸಂಖ್ಯೆಯೇ 25 ಸಾವಿರದಷ್ಟು! ಆದರೂ ಬ್ರಿಟಿಷರು ಯುದ್ಧ ಗೆಲ್ಲಲಿಲ್ಲ. ಅಮೆರಿಕನ್ನರ ಕಡೆ ಸತ್ತವರು ಸುಮಾರು 25 ಸಾವಿರ, ಅಂದರೆ ನೂರಕ್ಕೊಬ್ಬರು. ರಣರಂಗದಲ್ಲಿ ಸತ್ತವರು ಏಳು ಸಾವಿರದ ಒಳಗೆ. ಉಳಿದವರಲ್ಲಿ ಹೆಚ್ಚಿನವರನ್ನು ಕೊಂದದ್ದು ಶಿಬಿರದ ರೋಗ ಮತ್ತು ಸೆರೆಹಡಗು.

ಅಮೆರಿಕನ್ನರ ಜೊತೆ ಫ್ರಾನ್ಸ್ ಸೇರಿಕೊಂಡ ಮೇಲೆ ಜಗಳ ನಮ್ಮ ಕಡೆಗೂ ಹಬ್ಬಿತು. 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ಪೆನ್ಸಿಲ್ವೇನಿಯಾದ ಒಂದು ಹಡಗು, ತನಗಿಂತ ಬಲವಾದ ಫಿರಂಗಿಗಳಿದ್ದ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ಗೆದ್ದ ಹಡಗಿನ ಹೆಸರು ‘ಹೈದರ್ ಅಲಿ’. ಇತ್ತ ಬ್ರಿಟಿಷರೊಡನೆ ಕಾದಾಡುತ್ತಿದ್ದ ಮೈಸೂರಿನ ಹೈದರನೇ! 1783ರ ಜನವರಿ 20ರಂದು ಯೂರೋಪಿನಲ್ಲಿ ಬ್ರಿಟನ್, ಫ್ರಾನ್ಸ್ ಶಾಂತಿಯ ಕರಡಿಗೆ ಸಹಿ ಹಾಕಿದವು. ಆದರೆ ತಮಿಳು ಕರಾವಳಿಯ ಕಡಲೂರಿನಲ್ಲಿ ಮೈಸೂರಿನ ಪಡೆಯನ್ನೂ ಜೊತೆಗಿಟ್ಟುಕೊಂಡು ಫ್ರೆಂಚರು ಬ್ರಿಟಿಷರೊಡನೆ ಜೂನ್ ಕೊನೆಯವರೆಗೂ ಹೊಡೆದಾಡುತ್ತಲೇ ಇದ್ದರು. ಸುದ್ದಿ ಬರಲು ಐದು ತಿಂಗಳು.

1783ರ ಶಾಂತಿ ಒಪ್ಪಂದದಲ್ಲಿ ಹೊಸ ದೇಶದ ಪಾಲಿಗೆ ಬಂದದ್ದು ಸುಮಾರು 23 ಲಕ್ಷ ಚದರ ಕಿಲೋಮೀಟರ್, ಇಂದಿನ ಹನ್ನೆರಡು ಕರ್ನಾಟಕದಷ್ಟು ನೆಲ. ಅದರ ಬಹುಭಾಗದಲ್ಲಿ ಬಾಳುತ್ತಿದ್ದ ಮೂಲನಿವಾಸಿಗಳನ್ನು ಒಪ್ಪಂದದ ಮೇಜಿಗೆ ಯಾರೂ ಕರೆದಿರಲಿಲ್ಲ.

1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನಿನಲ್ಲಿ ಏಳು ಸಾವಿರಕ್ಕೂ ಹೆಚ್ಚು ಸೈನಿಕರೊಡನೆ ಶರಣಾದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್. ಐದು ವರ್ಷದೊಳಗೆ ಆತ ಭಾರತಕ್ಕೆ ಬಂದು ಬಂಗಾಳದ ಗವರ್ನರ್ ಜನರಲ್ ಆದ. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಅರ್ಧ ರಾಜ್ಯವನ್ನೂ ಒತ್ತೆಯಾಗಿ ಇಬ್ಬರು ಗಂಡುಮಕ್ಕಳನ್ನೂ ಪಡೆದ. ಅದರ ಮೇಲೆ ದಂಡ 3 ಕೋಟಿ 30 ಲಕ್ಷ ರೂಪಾಯಿ.