ಔಷಧದ ಹಿಂದಿನ ಹೊಗೆ

ರೋಗವನ್ನು ಕಳೆಯಬೇಕಾದ ಔಷಧದ ತಯಾರಿಕೆಯೇ ಗಾಳಿಯನ್ನು ಕೆಡಿಸಬಾರದಷ್ಟೆ. ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆಯು ತಾನು ಕೊಳ್ಳುವ ವಸ್ತುಗಳೂ ಸೇರಿದಂತೆ, 2045ರೊಳಗೆ ತನ್ನ ಇಂಗಾಲದ ಹೊರೆಯನ್ನು ನಿವ್ವಳ ಶೂನ್ಯಕ್ಕೆ ಇಳಿಸುವುದಾಗಿ 2020ರಲ್ಲಿ ಸಂಕಲ್ಪಿಸಿತು. ಆ ಹೊರೆಯ ಅರ್ಧಕ್ಕೂ ಮಿಗಿಲಾದ ಪಾಲು ಸರಬರಾಜುದಾರರದು. ಆದುದರಿಂದ 2023ರ ಏಪ್ರಿಲ್‌ನಿಂದ ವರ್ಷಕ್ಕೆ 50 ಲಕ್ಷ ಪೌಂಡ್ ಮೀರಿದ ಹೊಸ ಗುತ್ತಿಗೆಗಳಿಗೆ ಇಂಗಾಲ ತಗ್ಗಿಸುವ ಯೋಜನೆ ಕಡ್ಡಾಯವಾಯಿತು. 2024ರಿಂದ ಸಣ್ಣ ಗುತ್ತಿಗೆಗಳಿಗೂ ಅವುಗಳ ಗಾತ್ರಕ್ಕೆ ತಕ್ಕಂತೆ ನಿಯಮ ವಿಸ್ತರಿಸಿತು.

ಆ ದೇಶಕ್ಕೆ ಔಷಧ ಕಳುಹಿಸುವ ನಮ್ಮ ಉದ್ಯಮಿಗಳೂ ಇದನ್ನರಿಯಬೇಕು. ಅಂಜಬೇಕಾಗಿಲ್ಲ. ಮೊದಲು ವಿದ್ಯುತ್ತು, ಡೀಸೆಲ್, ಸಾಗಣೆಗಳ ಒಂದು ವರ್ಷದ ಲೆಕ್ಕವನ್ನು ಬರೆದಿಡಬೇಕು. ಬಳಿಕ ಇಳಿಕೆಯ ಗುರಿಯನ್ನೂ ಕ್ರಮಗಳನ್ನೂ ಪ್ರಕಟಿಸಬೇಕು. ಮನೆಯ ಜಮಾಖರ್ಚು ಬರೆದವರಿಗೆ ಇದು ಹೊಸ ವಿದ್ಯೆಯಲ್ಲ. ಲೆಕ್ಕವಿಡದವನಿಗೆ ಗುತ್ತಿಗೆ ತಪ್ಪೀತು. ಲೆಕ್ಕವಿಟ್ಟವನಿಗೆ ಇಂಧನದ ವೆಚ್ಚವೂ ಉಳಿದೀತು.